ಬೀಡಿಂಗಿನ ಅಡಿಯ ಹೆಸರು

ಮುತ್ತಿನಕೊಪ್ಪದ ಮಲ್ಲೇಶಪ್ಪನವರ ಹಳೆಯ ಲಾರಿಯೊಳಗೆ ಮಳೆನೀರು ಬರುತ್ತದೆ ಎಂಬುದು ಅವರಿಗೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು. ಅಷ್ಟೂ ವರ್ಷ ಅದು ಅವರ ಮನೆಯ ಹಿಂದೆ ಹಲಸಿನ ಮರದ ಕೆಳಗೆ ನಿಂತಿತ್ತು. ಅದರ ಸೀಟಿನ ಮೇಲೆ ಕೂತದ್ದು ಮನೆಯ ಬೆಕ್ಕು ಮಾತ್ರ. ಬೆಕ್ಕು ದೂರು ಹೇಳಲಿಲ್ಲ.

ಎರಡು ಸಾವಿರದ ಆರನೇ ಇಸವಿ ಮಾರ್ಚಿನಲ್ಲಿ ಮಲ್ಲೇಶಪ್ಪ ಜೀಪು ಹತ್ತಿ ಬಾಳಗಡಿಗೆ ಬಂದರು. ಅಲ್ಲಿ ನನ್ನ ತಂಗಿಯ ಮಗ ವೀರೇಶನ ರಬ್ಬರ್ ಅಂಗಡಿ ಇದೆ. ಔಷಧಿ ಹೊಡೆಯುವ ಪಂಪಿಗೆ ವಾಷರ್, ಪೈಪಿಗೆ ಗ್ಯಾಸ್ಕೆಟ್, ಗಾಡಿಗಳ ಗಾಜಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಎಲ್ಲ ಅಲ್ಲಿ ಸಿಗುತ್ತದೆ. ಅಂಗಡಿ ಮೊದಲು ನನ್ನ ಯಜಮಾನರದು. ಅವರಿದ್ದಾಗಲೇ ರಬ್ಬರ್ ಕತ್ತರಿಸುವ ಕೆಲಸ ನನ್ನ ಕೈಗೆ ಬಂದಿತ್ತು. ಎಪ್ಪತ್ತು ವರ್ಷವಾದರೂ ಕೈ ಇನ್ನೂ ನಡುಗುವುದಿಲ್ಲ.

“ಗಂಗಕ್ಕ, ನಮ್ಮ ಲಾರಿ ನೆನಪಿದ್ಯಾ?” ಎಂದರು ಮಲ್ಲೇಶಪ್ಪ.

“ಲಾರಿ ನೆನಪಿದೆ. ಅದು ನಿಮ್ಗೆ ಹೆಂಗೆ ನೆನಪಾಯ್ತು?”

ನೆನಪಾಗುವ ಕಾರಣ ಅವರ ಕೈಯಲ್ಲೇ ಇತ್ತು: ಕರಡು ಆಮಂತ್ರಣ ಪತ್ರಿಕೆ. ನರಸಿಂಹರಾಜಪುರದ ಅಡಿಕೆ ಬೆಳೆಗಾರರ ಸಂಘಕ್ಕೆ ಐವತ್ತು ವರ್ಷ, ಮೇ ಕೊನೆಗೆ ಸಮಾರಂಭ. ಮಲ್ಲೇಶಪ್ಪನೇ ಅಧ್ಯಕ್ಷರು. ಸಂಘದ ಮೊದಲ ಲೋಡು ಶಿವಮೊಗ್ಗದ ಮಂಡಿಗೆ ಹೋದದ್ದು ಅವರ ಲಾರಿಯಲ್ಲಿ. ಅದೇ ಲಾರಿಯಲ್ಲಿ ಮಂಡಿಯ ಸುಬ್ಬಯ್ಯನವರನ್ನು ಮುಖ್ಯ ಅತಿಥಿಯಾಗಿ ಕೂರಿಸಿಕೊಂಡು ಮೆರವಣಿಗೆ ಹೋಗಬೇಕು. ಮಳೆ ಬಂದರೆ ಅತಿಥಿ ನೆನೆಯಬಾರದು. ಗಾಜಿನ ರಬ್ಬರ್, ಬಾಗಿಲ ರಬ್ಬರ್ ಎಲ್ಲ ಹೊಸದಾಗಬೇಕು.

ನಾನು ಆಮಂತ್ರಣ ತೆಗೆದುಕೊಂಡು ಓದಿದೆ. ಓದುವುದರಲ್ಲಿ ನಾನು ನಿಧಾನ, ರಾತ್ರಿ ಶಾಲೆಯಲ್ಲಿ ಐವತ್ತೈದು ದಾಟಿದ ಮೇಲೆ ಕಲಿತದ್ದು. ನಿಧಾನವಾಗಿ ಓದಿದರೆ ಒಂದು ಲಾಭವಿದೆ, ಸುಳ್ಳು ಬೇಗ ದಾಟಿ ಹೋಗುವುದಿಲ್ಲ. ಅದರಲ್ಲಿ ಹೀಗಿತ್ತು: ‘ಅಂದು ಸ್ವತಃ ಸ್ಟೇರಿಂಗ್ ಹಿಡಿದು ಮೊದಲ ಲೋಡನ್ನು ಸಾಗಿಸಿದ ಸಾಹಸಿ, ಅಧ್ಯಕ್ಷರ ತೀರ್ಥರೂಪರು.’

ಅವರ ತೀರ್ಥರೂಪರನ್ನು ನಾನು ಬಲ್ಲೆ. ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಅವರಿಗೆ ತಲೆ ತಿರುಗುತ್ತಿತ್ತು. ಕಿಟಕಿ ಪಕ್ಕ ಕೂತು ನಿಂಬೆಹಣ್ಣು ಮೂಸುತ್ತಾ ಹೋಗುತ್ತಿದ್ದ ಮನುಷ್ಯ. ಲಾರಿ ಓಡಿಸಿದ್ದು, ಅಂಗಡಿ ಇಡುವ ಮೊದಲು ಡ್ರೈವರ್ ಆಗಿದ್ದ ನನ್ನ ಯಜಮಾನರು, ಮರುಳಸಿದ್ದಪ್ಪ. ನಾನಾಗ ಮದುವೆಯಾಗಿ ಬಂದು ಎರಡು ತಿಂಗಳು. ಮೂರು ದಿನ ಕಾದು ಕೂತವಳು ನಾನು.

“ಇದನ್ನ ಯಾರು ಬರೆದದ್ದು?” ಎಂದೆ.

“ನಮ್ಮ ಅಳಿಯ ಶಶಿಕಿರಣ. ಚೆನ್ನಾಗಿ ಬರೀತಾನೆ.”

“ಹೌದು, ಚೆನ್ನಾಗಿಯೇ ಬರೆದಿದ್ದಾನೆ,” ಎಂದೆ. ಕೆಲಸ ಒಪ್ಪಿಕೊಂಡೆ. ವೀರೇಶ ನನ್ನ ಮುಖ ನೋಡಿದ. ಅವನಿಗೆ ಗೊತ್ತು, ನಾನು ಕೂಡಲೇ ಒಪ್ಪಿದರೆ ಏನೋ ಇದೆ ಎಂದು. ಆ ಕ್ಷಣಕ್ಕೆ ಏನೂ ಇರಲಿಲ್ಲ. ಲಾರಿಯನ್ನು ಒಮ್ಮೆ ಮುಟ್ಟಿ ನೋಡಬೇಕು ಅನಿಸಿತ್ತು, ಅಷ್ಟೆ.

ಏಪ್ರಿಲ್ ಮೊದಲ ವಾರ ನಾವಿಬ್ಬರೂ ಮುತ್ತಿನಕೊಪ್ಪಕ್ಕೆ ಬಸ್ಸಿನಲ್ಲಿ ಹೋದೆವು. ಲಾರಿಗೆ ಅಷ್ಟರಲ್ಲಿ ಕೆಂಪು ಬಣ್ಣ ಬಳಿದಾಗಿತ್ತು. ಮುಂದೆ ಮಲ್ಲೇಶಪ್ಪನ ಹೆಸರು, ಬಾಗಿಲ ಮೇಲೆ ಮಲ್ಲೇಶಪ್ಪನ ಹೆಸರು, ಹಿಂದಿನ ಹಲಗೆಯ ಮೇಲೆ ಅವರ ಅಪ್ಪನ ಹೆಸರು. ರಬ್ಬರ್ ಮಾತ್ರ ಯಾರೂ ಬಿಚ್ಚಿರಲಿಲ್ಲ. ಬಣ್ಣದವರು ಯಾವತ್ತೂ ರಬ್ಬರ್ ಬಿಚ್ಚುವುದಿಲ್ಲ, ಅದರ ಅಂಚಿನವರೆಗೆ ಬ್ರಷ್ ಎಳೆದು ಬೀಡಿ ಹಚ್ಚುತ್ತಾರೆ.

ಲಾರಿ ಓಡುತ್ತಿದ್ದ ಕಾಲದಲ್ಲಿ ನೀರು ನಿಲ್ಲಿಸಲು ಹೊರಟ ಡ್ರೈವರು, ಕ್ಲೀನರುಗಳೆಲ್ಲ ಅಲ್ಲಿ ತಮ್ಮ ತಮ್ಮ ಬುದ್ಧಿ ಮೆತ್ತಿ ಹೋಗಿದ್ದರು. ಒಬ್ಬ ಡಾಂಬರು ಸುರಿದಿದ್ದ. ಒಬ್ಬ ಅದರ ಮೇಲೆ ಸಿಮೆಂಟು ಹಚ್ಚಿದ್ದ. ಇನ್ನೊಬ್ಬ ಸೈಕಲ್ ಟ್ಯೂಬು ಸೀಳಿ ತುರುಕಿದ್ದ. ಅವನ್ನೆಲ್ಲ ಕೆರೆದು ತೆಗೆಯಲು ಒಂದು ಬೆಳಗ್ಗೆ ಪೂರ್ತಿ ಹೋಯಿತು. ಒಳಗಿದ್ದ ಹಳೆಯ ಬೀಡಿಂಗ್ ಕೋಡುಬಳೆಯ ಹಾಗೆ ಲಟಕ್ಕೆಂದು ಮುರಿಯುತ್ತಿತ್ತು. ಅದು ಈ ಲಾರಿಯದ್ದೇ ಅಲ್ಲ. ಯಾವ ಕಾಲದಲ್ಲೋ ಯಾರೋ ಬಸ್ಸಿನ ಅಗಲದ ಬೀಡಿಂಗ್ ತಂದು ಹಾಕಿದ್ದರು, ಗಾಜಿನ ಸುತ್ತ ಎರಡು ಬೆರಳು ತಗಡು ಅದರಡಿಯಲ್ಲಿ ಮುಚ್ಚಿ ಹೋಗಿತ್ತು.

ಡ್ರೈವರ್ ಕಡೆಯ ಗಾಜಿನ ಕೆಳಗಿನ ತುಂಡನ್ನು ನಾನೇ ಎಬ್ಬಿಸಿದೆ. ಅಡಿಯಲ್ಲಿ ಕೆಂಪು ಇರಲಿಲ್ಲ. ಮೊದಲಿನ ಹಸಿರು ಬಣ್ಣ ಹಾಗೇ ಇತ್ತು. ಹಸಿರಿನ ಮೇಲೆ ಬಿಳಿ ಅಕ್ಷರ. ಒದ್ದೆ ಬಟ್ಟೆಯಿಂದ ಒರೆಸಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

‘ಡ್ರೈವರ್ ಮರುಳಸಿದ್ದಪ್ಪ.’

ಆ ಹೆಸರು ಹೊರಗೆ ಕಾಣುತ್ತಿದ್ದ ಕಾಲದಲ್ಲಿ ನನಗೆ ಓದಲು ಬರುತ್ತಿರಲಿಲ್ಲ. ಓದಲು ಕಲಿತಾಗ ಅದು ರಬ್ಬರಿನ ಅಡಿಯಲ್ಲಿತ್ತು. ಅವರು ಒಂದು ದಿನವೂ ಹೇಳಿರಲಿಲ್ಲ, ಲಾರಿಯ ಮುಂದೆ ತಮ್ಮ ಹೆಸರು ಬರೆಸಿದ್ದಾರೆ ಎಂದು. ಹೇಳಿಕೊಳ್ಳುವ ಜಾತಿಯ ಮನುಷ್ಯ ಅಲ್ಲ.

“ದೊಡ್ಡಮ್ಮ,” ಎಂದ ವೀರೇಶ, ಬಕೆಟ್ಟಿನ ನೀರು ಬದಲಾಯಿಸಲು ಹೋದ.

ಮಧ್ಯಾಹ್ನ ಊಟ ಮುಗಿಸಿ ಮಲ್ಲೇಶಪ್ಪ ಬಂದರು. ಹಿಂದೆ ಅಳಿಯ ಶಶಿಕಿರಣ, ಬಿಳಿ ಬೂಟು, ಕುತ್ತಿಗೆಗೆ ಕ್ಯಾಮೆರಾ. ಹೆಸರು ನೋಡಿದ ಕೂಡಲೇ ಅಳಿಯ ಆಮಂತ್ರಣದ ಸಾಲು ನೆನಪು ಮಾಡಿಕೊಂಡಿರಬೇಕು, ಮಾವನ ಕಿವಿಯಲ್ಲಿ ಏನೋ ಊದಿದ.

“ಅದು ಮತ್ತೆ ರಬ್ಬರಿನ ಅಡಿಗೇ ಹೋಗ್ತದಲ್ಲ ಗಂಗಕ್ಕ?” ಎಂದರು ಮಲ್ಲೇಶಪ್ಪ.

“ಅಗಲದ್ದು ಹಾಕಿದ್ರೆ ಹೋಗ್ತದೆ. ಈ ಲಾರಿಗೆ ಕಂಪನಿಯವ್ರು ಕೊಟ್ಟಿದ್ದು ಸಣ್ಣದು. ಸಣ್ಣದೇ ಹಾಕ್ತೀನಿ, ಹೆಸರು ಹೊರಗೆ ಇರ್ತದೆ.”

“ಅಜ್ಜಿ, ಅಗಲದ್ದೇ ಸೇಫು,” ಎಂದ ಶಶಿಕಿರಣ. “ಸಣ್ಣದರಲ್ಲಿ ಲೀಕ್ ಆಗ್ತದೆ. ನಾನು ಇಂಟರ್‌ನೆಟ್ಟಲ್ಲಿ ನೋಡಿದೀನಿ.”

“ಇಂಟರ್‌ನೆಟ್ಟಲ್ಲಿ ಮಳೆ ಬರ್ತದನಾ ಮಾರಾಯ?”

ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ನನಗೆ ಕಿರಿಕಿರಿ. ಅಗಲದ ಬೀಡಿಂಗ್ ಸೋಮಾರಿಯ ಕೆಲಸ, ಹೇಗೆ ಕೂರಿಸಿದರೂ ಮುಚ್ಚಿಕೊಳ್ಳುತ್ತದೆ. ಸಣ್ಣದಕ್ಕೆ ಅಳತೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಅಂಚು ಎಲ್ಲಾದರೂ ಒಂದು ಕಡೆ ಎದ್ದರೆ ನೀರು ಒಳಗೆ.

“ಬಣ್ಣ ಹೊಡೆದು ಬಿಡುವ, ಯಾಕೆ ತಕರಾರು,” ಎಂದರು ಮಲ್ಲೇಶಪ್ಪ. “ಯಾವ ಕಾಲದ ಡ್ರೈವರ್ ಹೆಸರು, ಯಾರು ಓದ್ತಾರೆ.”

“ಯಾರೂ ಓದಲ್ಲ ಅಂದ್ರೆ ಇರ್ಲಿ ಬಿಡಿ.”

ಶೆಡ್ಡಿನಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಹೆಂಗಸರ ಮುಂದೆ ಸಣ್ಣವರಾಗುವುದು ಮಲ್ಲೇಶಪ್ಪನಿಗೆ ಆಗದು. “ಸರಿ,” ಎಂದರು, ದೊಡ್ಡ ಮನಸ್ಸು ಮಾಡುವವರ ದನಿಯಲ್ಲಿ. “ನಿಮ್ಮ ಸಣ್ಣದೇ ಹಾಕಿ. ಮೆರವಣಿಗೆ ದಿನ ಮುಂದಿನ ಗಾಜಿನಿಂದ ಒಂದೇ ಒಂದು ಹನಿ ಒಳಗೆ ಬಂದ್ರೆ, ಅವತ್ತೇ ಬಣ್ಣ ಹೊಡೆಸ್ತೀನಿ. ಬರದಿದ್ರೆ ಹೆಸರು ಇರ್ಲಿ.”

“ಆಯ್ತು,” ಎಂದೆ. ಹೆಂಗಸರು ಮತ್ತೆ ಅಡಿಕೆ ಸುಲಿದರು. ಕೇಳಿಸಿಕೊಂಡರು ಎಂದು ಅದರರ್ಥ.

ಸಣ್ಣ ಬೀಡಿಂಗ್ ಕೊಪ್ಪದಲ್ಲಿ ಇರಲಿಲ್ಲ, ಶಿವಮೊಗ್ಗದಲ್ಲಿ ಕೇಳಿದರೆ ನಕ್ಕರು. ಶೃಂಗೇರಿಯಲ್ಲಿ ಗಜಾನನ ಎಂಬುವನ ಹಳೆ ಸಾಮಾನಿನ ಅಂಗಡಿಯ ಅಟ್ಟದ ಮೇಲೆ ಒಂದು ಸುರುಳಿ ಸಿಕ್ಕಿತು. ಬಿಸಿಲು ಕಾಣದ್ದರಿಂದ ಮೆತ್ತಗೇ ಇತ್ತು. ಬೇಕಾದದ್ದಕ್ಕಿಂತ ಎರಡು ಪಟ್ಟು ತೆಗೆದುಕೊಂಡೆ.

“ಎಂತಕ್ಕೆ ಇಷ್ಟು?” ಎಂದ ವೀರೇಶ.

“ಆ ಮನೆಗೆ ಕೆಲಸಕ್ಕೆ ಹೋಗೋದಾದ್ರೆ ಒಂದು ಸಲ ಮಾಡಿದ್ರೆ ಮುಗಿಯಲ್ಲ,” ಎಂದೆ.

ಗಾಜು ಎರಡು ಹೋಳು, ನಡುವೆ ಕಂಬಿ. ಅಳತೆಗಿಂತ ಅರ್ಧ ಬೆರಳು ಉದ್ದ ಬಿಟ್ಟು ಕತ್ತರಿಸಬೇಕು, ರಬ್ಬರ್ ಕ್ರಮೇಣ ಕುಗ್ಗುತ್ತದೆ. ಎರಡು ತುದಿ ಕೂಡುವ ಜಾಗ ಮೇಲಕ್ಕೆ ಬರಬೇಕು, ಕೆಳಗೆ ಬಂದರೆ ನೀರು ಅಲ್ಲೇ ನಿಂತು ದಾರಿ ಹುಡುಕುತ್ತದೆ. ಬೀಡಿಂಗನ್ನು ಗಾಜಿಗೆ ತೊಡಿಸಿ, ತಗಡು ಕೂರುವ ಅದರ ಸೀಳಿನೊಳಗೆ ಸುತ್ತ ನೈಲಾನ್ ದಾರ ಇಟ್ಟು, ಸೋಪಿನ ನೀರು ಬಳಿದೆ. ವೀರೇಶ ಗಾಜನ್ನು ಚೌಕಟ್ಟಿಗಿಟ್ಟು ಹೊರಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದ. ನಾನು ಒಳಗೆ ಕೂತು ದಾರದ ತುದಿ ಎಳೆಯುತ್ತಾ ಬಂದೆ. ದಾರ ಬಂದಷ್ಟೂ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತದೆ. ಜೋರಾಗಿ ಎಳೆದರೆ ತುಟಿ ಹರಿಯುತ್ತದೆ. ಎರಡು ಗಾಜಿಗೆ ಮೂರು ಗಂಟೆ ತೆಗೆದುಕೊಂಡೆ. ಶಶಿಕಿರಣ ನಾಲ್ಕು ಸಲ ಬಂದು ಗಡಿಯಾರ ನೋಡಿ ಹೋದ.

ಆಮೇಲೆ ಬಾಗಿಲುಗಳಿಗೂ ಹಿಂದಿನ ಸಣ್ಣ ಗಾಜಿಗೂ ರಬ್ಬರ್ ಕೂರಿಸಿದೆವು. ಒಳಗೆ, ಗಾಜಿನ ಬುಡದ ಉದ್ದಕ್ಕೂ ಒಣ ಬೂದಿ ಉದುರಿಸಿದೆ. ವೀರೇಶ ಔಷಧಿ ಪಂಪಿನಲ್ಲಿ ಹೊರಗಿನಿಂದ ಅರ್ಧ ಗಂಟೆ ನೀರು ಹೊಡೆದ. ಬೂದಿಯ ಮೇಲೆ ಒಂದು ಚುಕ್ಕೆ ಬೀಳಲಿಲ್ಲ. ಗಾಜಿನ ಕೆಳಗೆ, ಸಣ್ಣ ಅಂಚು ಮುಗಿದಲ್ಲಿಂದ ಹಸಿರು ಪಟ್ಟಿ, ಅದರ ಮೇಲೆ ಹೆಸರು ಪೂರ್ತಿ ಕಾಣುತ್ತಿತ್ತು.

“ಇದಕ್ಕೆ ಇನ್ನು ಏನೂ ಹಚ್ಚಬೇಡಿ,” ಎಂದು ಮಲ್ಲೇಶಪ್ಪನಿಗೆ ಹೇಳಿದೆ. “ಧೂಳು ಕೂತ್ರೆ ನೀರಲ್ಲಿ ಒರೆಸಿ, ಸಾಕು.”

“ನಮಗೆ ಗೊತ್ತಿಲ್ವಾ ಗಂಗಕ್ಕ,” ಎಂದರು. ಆ ಮಾತು ಹೇಳುವವರಿಗೆ ಏನು ಗೊತ್ತಿರುತ್ತದೆ ಎಂಬುದು ನನಗೆ ಗೊತ್ತು. ಆದರೂ ನಂಬಿ ಬಂದೆ.

ಸಮಾರಂಭಕ್ಕೆ ಮೂರು ದಿನ ಇರುವಾಗ ಇನ್ನೊಮ್ಮೆ ನೋಡಿ ಬರೋಣವೆಂದು ಹೋದೆವು. ಲಾರಿ ದೂರದಿಂದಲೇ ಮಿರಮಿರ ಹೊಳೆಯುತ್ತಿತ್ತು. ಹತ್ತಿರ ಹೋದಾಗ ವಾಸನೆ ಮೂಗಿಗೆ ಹೊಡೆಯಿತು. ಸುಟ್ಟ ಎಣ್ಣೆ.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಎಲ್ಲರೂ ಈ ಕೆಲಸ ಮಾಡುತ್ತಾರೆ. ಇಂಜಿನ್ನಿನಿಂದ ತೆಗೆದ ಕರಿ ಎಣ್ಣೆಯನ್ನು ತೋಟದ ದಾರಿಗೆ ಅಡ್ಡ ಹಾಕುವ ಮರದ ದಣಪೆಗೆ, ಬೇಲಿ ಕಂಬಕ್ಕೆ, ಗಾಡಿ ಚಕ್ರಕ್ಕೆ, ಕಬ್ಬಿಣದ ಗೇಟಿಗೆ ಬಳಿಯುತ್ತಾರೆ. ಗೆದ್ದಲು ಹತ್ತುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮಲ್ಲೇಶಪ್ಪ ಆ ವರ್ಷ ಬ್ರಷ್ ಹಿಡಿದು ಗೇಟಿನಿಂದ ಶುರು ಮಾಡಿದವರು ಲಾರಿಯವರೆಗೆ ಬಂದಿದ್ದರು. ಎಲ್ಲ ರಬ್ಬರಿಗೂ ಎರಡೆರಡು ಕೈ. ಮಾಡಿ ಮೂರು ವಾರವಾಗಿತ್ತು. ಬೀಡಿಂಗಿನ ತುಟಿ ಊದಿಕೊಂಡು, ಬಾಣಲೆಗೆ ಬಿಟ್ಟ ಹಪ್ಪಳದ ಅಂಚಿನ ಹಾಗೆ ಸೊಟ್ಟ ಸೊಟ್ಟ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು.

“ಇದೆಂತ ಮಾಡಿದ್ರಿ?” ಎಂದೆ.

“ಎಂತ ಆಯ್ತು? ಹೊಳೀತಾ ಇಲ್ವಾ? ನಮ್ಮಪ್ಪ ಐವತ್ತು ವರ್ಷ ಇದನ್ನೇ ಬಳೀತಿದ್ರು, ಗೇಟು ಇವತ್ತಿಗೂ ಗಟ್ಟಿ ಇದೆ.”

“ಗೇಟು ಕಬ್ಬಿಣದ್ದು. ಇದು ರಬ್ಬರು. ಎಣ್ಣೆ ಕುಡಿದು ಕೊಳೆತು ಹೋಗಿದೆ.”

“ಅಜ್ಜಿ ಮೊದಲೇ ಸರಿಯಾಗಿ ಹಾಕಿರ್ಲಿಲ್ಲ,” ಎಂದ ಶಶಿಕಿರಣ ಮಾವನಿಗೆ. “ಈಗ ನೆಪ.”

ಬೇಕೆಂದೇ ಹಾಳು ಮಾಡಿದ್ದಾರೆಯೇ ಎಂದು ಒಂದು ಗಳಿಗೆ ಯೋಚಿಸಿದೆ. ಇಲ್ಲ. ಬೇಕೆಂದು ಮಾಡಲು ರಬ್ಬರಿನ ವಿಷಯ ಸ್ವಲ್ಪವಾದರೂ ತಿಳಿದಿರಬೇಕು. ಇವರಿಗೆ ಬ್ರಷ್ಷು ಕೈಗೆ ಸಿಕ್ಕಿದರೆ ಎದುರಿಗೆ ಏನಿದೆ ಎಂದು ನೋಡುವ ಅಭ್ಯಾಸವೇ ಇಲ್ಲ. ಅಲ್ಲೇ ಮಲಗಿದ್ದ ಬೆಕ್ಕು ಎಚ್ಚರವಾಗಿ ಓಡಿರಬೇಕು, ಇಲ್ಲದಿದ್ದರೆ ಅದಕ್ಕೂ ಎರಡು ಕೈ ಬೀಳುತ್ತಿತ್ತು.

ಸುರುಳಿಯಲ್ಲಿ ಉಳಿದದ್ದನ್ನು ವೀರೇಶ ಚೀಲದಿಂದ ತೆಗೆದ. ಮುಂದಿನ ಎರಡು ಗಾಜಿಗೆ ಸರಿಯಾಗಿ ಸಾಕು. ಬಾಗಿಲಿನ ರಬ್ಬರ್ ಅಂಗಡಿಯಲ್ಲಿ ಒಂದು ಬಾಗಿಲಿಗಾಗುವಷ್ಟೇ ಇತ್ತು. ಇನ್ನೊಂದು ಬಾಗಿಲಿನದನ್ನು ಬಿಚ್ಚಿ, ಅಂಟುವಾಳದ ನೊರೆಯಲ್ಲಿ ತೊಳೆದು, ಬೂದಿ ಸವರಿ ಒಣಗಿಸಿದರೆ ಒಂದು ಮಳೆಗಾಲಕ್ಕಾದರೂ ನಿಲ್ಲುತ್ತಿತ್ತು. ಅದನ್ನು ಹೇಳಿದೆ.

“ನಾನು ಕೂರೋ ಎಡಬಾಗಿಲು ಮುಟ್ಟಬೇಡಿ,” ಎಂದರು ಮಲ್ಲೇಶಪ್ಪ. “ಫೋಟೋ ತೆಗೆಯೋದು ಆ ಕಡೆಯಿಂದ. ಹೊಳೀತಾ ಇರ್ಲಿ.”

“ನೀರು ಬರ್ತದೆ.”

“ಬರಲ್ಲ.”

“ಸರಿ ಹಂಗಾದ್ರೆ,” ಎಂದೆ. ಅಲ್ಲಿದ್ದ ಹೆಂಗಸರ ಕಡೆ ತಿರುಗಿ, “ಎಡಬಾಗಿಲು ನಾನು ಮುಟ್ಟಿಲ್ಲ, ನೆನಪಿರ್ಲಿ,” ಎಂದೆ. ಅವರಲ್ಲೊಬ್ಬಳು, ವೀರಬಸಮ್ಮ, ಅಡಿಕೆ ಬುಟ್ಟಿಯಿಂದ ತಲೆ ಎತ್ತದೆ, “ನೆನಪಿರ್ತದೆ ಅಕ್ಕ,” ಎಂದಳು.

ಎರಡು ದಿನ ಅದೇ ಕೆಲಸ ಮತ್ತೆ ಮೊದಲಿನಿಂದ. ತಗಡಿನ ಎಣ್ಣೆ ತೊಳೆಯುವುದೇ ಒಂದು ದಿನ. ಹೆಸರಿನ ಮೇಲೂ ಎಣ್ಣೆ ಇಳಿದಿತ್ತು, ಅಂಟುವಾಳದ ನೊರೆಯಲ್ಲಿ ಬೆರಳಾಡಿಸಿ ತೆಗೆದೆ. ಮತ್ತೆ ದಾರ, ಮತ್ತೆ ಸೋಪಿನ ನೀರು, ಮತ್ತೆ ಒಳಗೆ ಕೂತು ಎಳೆಯುವುದು. ಈ ಸಲ ಪಂಪು ಹೊಡೆದು ನೋಡಲು ಬಿಡುವಿರಲಿಲ್ಲ, ಪೆಂಡಾಲಿನವರು ಲಾರಿಗೆ ಹೂವು ಕಟ್ಟಲು ಬಂದು ನಿಂತಿದ್ದರು.

ಸಮಾರಂಭದ ಬೆಳಿಗ್ಗೆ ಒಂದು ಉಂಡೆ ವಿಭೂತಿ ಪುಡಿ ಮಾಡಿಕೊಂಡು ಹೋದೆ. ಮುಂದಿನ ಗಾಜಿನ ಬುಡದಲ್ಲಿ, ಒಳಗಡೆ, ಈ ತುದಿಯಿಂದ ಆ ತುದಿಗೆ ತೆಳ್ಳಗೆ ಉದುರಿಸಿದೆ. ಮಲ್ಲೇಶಪ್ಪ ಹತ್ತಿದವರೇ ಅದನ್ನು ನೋಡಿ ಕೈ ಮುಗಿದರು. “ಒಳ್ಳೇದು ಮಾಡಿದ್ರಿ ಗಂಗಕ್ಕ,” ಎಂದರು. ನಾನೂ ಕೈ ಮುಗಿದೆ.

ಆ ಲಾರಿಯ ಗೇರು ಹಾಕಲು ಬರುವವನು ವೀರೇಶ ಒಬ್ಬನೇ. ಅವನು ಸ್ಟೇರಿಂಗಿಗೆ ಕೂತ. ನಡುವೆ ಸುಬ್ಬಯ್ಯ, ಎಂಬತ್ತರ ಹತ್ತಿರದ ಒಣಕಲು ಮನುಷ್ಯ, ಕನ್ನಡಕಕ್ಕೆ ಕರಿ ದಾರ. ಎಡಬಾಗಿಲಿಗೆ ಒತ್ತಿಕೊಂಡು ಮಲ್ಲೇಶಪ್ಪ, ಗರಿಗರಿ ಪಂಚೆ, ರೇಷ್ಮೆ ಶಲ್ಯ. ಹಿಂದಿನ ಬಾಡಿಯಲ್ಲಿ ಕುರ್ಚಿಗಳ ಜೊತೆ ನಾವು ಹೆಂಗಸರು, ಮೇಲೆ ಟಾರ್ಪಾಲು. ನಾನು ಹಿಂದಿನ ಸಣ್ಣ ಗಾಜಿನ ಪಕ್ಕ ಜಾಗ ಹಿಡಿದೆ. ಒಳಗೆ ನಡೆಯುವುದೆಲ್ಲ ಅಲ್ಲಿಂದ ಕಾಣುತ್ತಿತ್ತು.

ನರಸಿಂಹರಾಜಪುರ ಇನ್ನೂ ದೂರವಿರುವಾಗಲೇ ಮಳೆ ಬಂತು. ಗಾಳಿಯ ಜೊತೆ ಎದುರಿನಿಂದ ಹೊಡೆಯುವ ಮಳೆ. ಮುಂದಿನ ಗಾಜಿನ ಮೇಲೆ ನೀರು ಪರದೆ ಎಳೆದ ಹಾಗಾಯಿತು. ನನ್ನ ಕಣ್ಣು ಬಿಳಿ ಗೆರೆಯ ಮೇಲೇ ಇತ್ತು. ಈ ಸಲ ಅಳತೆ ಆತುರದಲ್ಲಿ ತೆಗೆದದ್ದು. ಡ್ರೈವರ್ ಕಡೆಯ ಮೂಲೆಯಲ್ಲಿ ತುಟಿ ಸ್ವಲ್ಪ ಬಿಗಿ ಕಡಿಮೆ ಅನಿಸಿತ್ತು. ಅಲ್ಲಿ ಒಂದು ಹನಿ ಇಳಿದರೆ ಸಂಜೆಗೆ ಆ ಹಸಿರು ಪಟ್ಟಿ ಇರುವುದಿಲ್ಲ.

ಮೊದಲು ಅಲುಗಿದ್ದು ಮಲ್ಲೇಶಪ್ಪ. ತೊಡೆ ಎತ್ತಿ ನೋಡಿಕೊಂಡರು. ಎಡಬಾಗಿಲ ಮೇಲಿನ ಅಂಚಿನಿಂದ ನೀರು ಎಣ್ಣೆಯ ಜೊತೆ ಕೂಡಿ ಕರ್ರಗೆ ಇಳಿಯುತ್ತಿತ್ತು. ಅವರು ಸುಬ್ಬಯ್ಯನ ಕಡೆ ಸರಿದರು. ಸುಬ್ಬಯ್ಯ ವೀರೇಶನ ಕಡೆ ಸರಿದರು. ವೀರೇಶ, “ಯಜಮಾನ್ರೇ, ಗೇರು ಹಾಕಕ್ಕಾಗಲ್ಲ,” ಎಂದದ್ದು ನನಗೂ ಕೇಳಿಸಿತು. ಮಲ್ಲೇಶಪ್ಪ ವಾಪಸು ಬಾಗಿಲಿಗೆ ಹೋಗಿ ಕೂತರು. ಊರು ಮುಟ್ಟುವವರೆಗೂ ಅದು ಅವರ ತೊಡೆಯ ಸಂದಿಗೇ ಸುರಿಯಿತು. ನನ್ನ ಪಕ್ಕ ವೀರಬಸಮ್ಮ ಗಾಜಿಗೆ ಮೂಗು ಒತ್ತಿ ನೋಡಿ ಸೆರಗು ಬಾಯಿಗೆ ತುರುಕಿಕೊಂಡಳು.

ಸಂಘದ ಅಂಗಳಕ್ಕೆ ಬಂದಾಗ ಮಳೆ ನಿಂತಿತು. ಡೋಲಿನವರು ಶುರು ಮಾಡಿದರು. ಶಶಿಕಿರಣ ಕ್ಯಾಮೆರಾ ಹಿಡಿದು ಎಡಬಾಗಿಲ ಎದುರೇ ಬಗ್ಗಿ ಕೂತಿದ್ದ. ಬಾಗಿಲು ತೆರೆಯಿತು. ಪಂಚೆಯ ಮುಂಭಾಗ ಕರಿ ನೀರಿನಲ್ಲಿ ತೊಪ್ಪೆಯಾಗಿ ಮಲ್ಲೇಶಪ್ಪ ಇಳಿದರು. ಫ್ಲಾಶ್ ಹೊಳೆಯಿತು. ಡೋಲಿನವನ ಕೋಲು ಒಂದು ಪೆಟ್ಟು ತಪ್ಪಿತು.

“ನೀರು ಬಂದಿದೆ,” ಎಂದರು ಮಲ್ಲೇಶಪ್ಪ, ನನ್ನನ್ನು ಹುಡುಕಿ. ಶಲ್ಯವನ್ನು ಪಂಚೆಯ ಮುಂದೆ ಇಳಿಬಿಟ್ಟುಕೊಂಡಿದ್ದರು. “ಗಂಗಕ್ಕ, ಮಾತು ಮಾತೇ. ಇವತ್ತೇ ಬಣ್ಣ.”

“ಎಲ್ಲಿಂದ ಬಂತು ಅದು?” ಎಂದೆ ಬಾಡಿಯಿಂದ ಇಳಿಯುತ್ತಾ. “ಮಾತು ಮುಂದಿನ ಗಾಜಿಂದು.”

“ಮಳೆ ನೀರು ಎಲ್ಲಿಂದ ಬಂದ್ರೇನು.”

“ಎಡಬಾಗಿಲು ಅಕ್ಕ ಮುಟ್ಟಿಲ್ಲ,” ಎಂದಳು ವೀರಬಸಮ್ಮ, ಯಾರೂ ಕೇಳದೆ.

ಸುಬ್ಬಯ್ಯ ಇನ್ನೂ ಒಳಗೇ ಕೂತಿದ್ದರು. “ಎಂತ ಅದು ಜಗಳ?” ಎಂದರು. ವೀರೇಶ ಹೇಳಿದ. ಮುದುಕ ಮುಂದೆ ಬಗ್ಗಿ ಗಾಜಿನ ಬುಡದ ವಿಭೂತಿಯ ಮೇಲೆ ಬೆರಳು ಇಟ್ಟು, ಈ ತುದಿಯಿಂದ ಆ ತುದಿಗೆ ಎಳೆದರು. ಬೆರಳು ನೋಡಿಕೊಂಡರು. ಬಿಳಿ ಪುಡಿ ಬೆರಳಿಂದ ಉದುರಿತು. ಅದನ್ನೇ ಹಣೆಗೆ ಹಚ್ಚಿಕೊಂಡರು.

“ಒಣಗೇ ಇದೆ,” ಎಂದರು. “ನನ್ನ ಪಂಚೆಯೂ ಒಣಗೇ ಇದೆ. ನೆನೆದದ್ದು ನೀವೊಬ್ರೇ ಮಾರಾಯ್ರೇ.”

ಆಮೇಲೆ ಲಾರಿಗೆ ಪೂಜೆ. ತೆಂಗಿನಕಾಯಿ ಒಡೆದು, ಕುಂಕುಮದ ಬಟ್ಟಲು ಹಿಡಿದು ಸುಬ್ಬಯ್ಯ ಮುಂದೆ ಬಂದರು. ಮೈಕು ಹಿಡಿದ ಶಶಿಕಿರಣ ಪಕ್ಕದಲ್ಲಿ, ಮೊದಲ ಲೋಡಿನ ಸಾಹಸ ಹೇಳುತ್ತಿದ್ದ. ಸುಬ್ಬಯ್ಯ ಗಾಜಿನ ಕೆಳಗೆ ಕುಂಕುಮ ಇಡಲು ಕೈ ಎತ್ತಿದವರು ನಿಂತರು. ಕನ್ನಡಕ ಮೇಲೆ ಕೆಳಗೆ ಮಾಡಿ, ನನ್ನ ಹಾಗೇ ನಿಧಾನವಾಗಿ ಓದಿದರು. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು.

“ಡ್ರೈವರ್… ಮರುಳಸಿದ್ದಪ್ಪ. ಯಾರಿವರು?”

ಶಶಿಕಿರಣ ಮಾವನನ್ನು ನೋಡಿದ. ಮಲ್ಲೇಶಪ್ಪ ಶಲ್ಯ ಸರಿ ಮಾಡಿಕೊಂಡರು. “ಅದು… ಆಗ ನಮ್ಮಪ್ಪನ ಜೊತೆ ಒಬ್ಬ ಕ್ಲೀನರ್ ಇದ್ದ,” ಎಂದರು.

ಅದೂ ಮೈಕಿನಲ್ಲಿ ಹೋಯಿತು. ನಾನು ಮೈಕಿನ ಪಕ್ಕಕ್ಕೇ ಹೋಗಿ ನಿಂತೆ. ನನಗೆ ಕೂಗುವ ಅಗತ್ಯ ಬೀಳಲಿಲ್ಲ.

“ಕ್ಲೀನರ್ ಹೆಸರಿಗೆ ಮುಂದೆ ಡ್ರೈವರ್ ಅಂತ ಯಾರೂ ಬರೆಸಲ್ಲ ಮಲ್ಲೇಶಪ್ಪನವರೇ,” ಎಂದೆ. “ನಿಮ್ಮಪ್ಪ ಅವತ್ತು ಎಡಗಡೆ ಕಿಟಕೀಲಿ ಕೂತಿದ್ರು. ನೀವು ಇವತ್ತು ಕೂತ ಜಾಗದಲ್ಲೇ. ಕೈಯಲ್ಲಿ ನಿಂಬೆಹಣ್ಣಿತ್ತು.”

ಹಿಂದಿನ ಸಾಲಿನಲ್ಲಿ ಯಾರೋ ವಯಸ್ಸಾದವರು ಜೋರಾಗಿ ನಕ್ಕರು. ಅವರಿಗೂ ನಿಂಬೆಹಣ್ಣು ನೆನಪಿತ್ತು ಅನಿಸುತ್ತದೆ. ಸುಬ್ಬಯ್ಯ ಹೆಸರಿನ ಕೆಳಗೆ, ಅಕ್ಷರಕ್ಕೆ ತಾಗದ ಹಾಗೆ, ಕುಂಕುಮ ಇಟ್ಟರು. ಭಾಷಣದಲ್ಲಿ ಶಶಿಕಿರಣ ಆ ಸಾಲು ಓದಲಿಲ್ಲ. ಮಲ್ಲೇಶಪ್ಪ ವೇದಿಕೆಯ ಮೇಲೆ ಪೂರ್ತಿ ಹೊತ್ತು ಕೂತೇ ಇದ್ದರು, ರಾಷ್ಟ್ರಗೀತೆಗೆ ಮಾತ್ರ ಎದ್ದರು, ಅದೂ ಶಲ್ಯ ಹಿಡಿದುಕೊಂಡು.

ಹೆಸರು ಈಗಲೂ ಇದೆ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಬಸ್ಸಿನಲ್ಲಿ ಹೋಗಿ ಬೀಡಿಂಗ್ ಒತ್ತಿ ನೋಡಿ, ಒದ್ದೆ ಬಟ್ಟೆಯಿಂದ ಪಟ್ಟಿ ಒರೆಸಿ ಬರುತ್ತೇನೆ. ಎಡಬಾಗಿಲ ರಬ್ಬರ್ ಪೂರ್ತಿ ಕರಗಿ ಬಾಗಿಲಿಗೇ ಅಂಟಿಕೊಂಡಿದೆ, ಈಗ ಆ ಬಾಗಿಲು ತೆರೆಯುವುದಿಲ್ಲ. ಮೊನ್ನೆ ಮೇ ತಿಂಗಳಲ್ಲಿ ಹೋದಾಗ ಮಲ್ಲೇಶಪ್ಪ ಗೇಟಿನ ಹತ್ತಿರ ಬ್ರಷ್ ಹಿಡಿದು ನಿಂತಿದ್ದರು.

“ಅಲ್ಲ ಗಂಗಕ್ಕ,” ಎಂದರು, “ಆ ಬಾಗಿಲಿಗೆ ಸ್ವಲ್ಪ ಎಣ್ಣೆ ಬಿಟ್ರೆ ಬಿಟ್ಕೊಳ್ತದಾ?”

“ಬಿಟ್ಟು ನೋಡಿ,” ಎಂದೆ, ಬಟ್ಟೆ ಹಿಂಡುತ್ತಾ. “ನಾನು ಬಲಗಡೆಯಿಂದ ಹತ್ತುತ್ತೀನಿ.”